ಎಡಗೈಯ ಬೆಕ್ಕು

ದಕ್ಕೆಯ ದಾರಿಯಲ್ಲಿ ನಮ್ಮದು ಒಣಮೀನಿನ ಅಂಗಡಿ.
ಇಲ್ಲಿ ಬೆಕ್ಕು ಬೇಕೆನ್ನುವಷ್ಟು ಮರುಳು ಯಾರಿಗೂ ಹತ್ತಿಲ್ಲ;
ಇರುವವನ್ನು ಓಡಿಸಲಿಕ್ಕೇ ಬಾಗಿಲ ಹಿಂದೆ ಒಂದು ಕೋಲು ಉಂಟು.
ಆದರೂ ಬೋಳಾರದ ಸಿಪ್ರಿಯನ್,
ಹಡಗಿನಲ್ಲಿ ಅಡುಗೆಯವ,
ನಗೋಯ ಬಂದರಿನಿಂದ ಲುಂಗಿಯಲ್ಲಿ ಸುತ್ತಿ ತಂದ
ಒಂದು ಬಿಳಿ ಪಿಂಗಾಣಿ ಬೆಕ್ಕು.

ಕೊರಳಿಗೆ ಕೆಂಪು ಪಟ್ಟಿ, ಪಟ್ಟಿಗೆ ಗಂಟೆ.
ಅಲ್ಲಾಡಿಸಿದೆ, ಸದ್ದಿಲ್ಲ: ಗಂಟೆಯೂ ಪಿಂಗಾಣಿಯೇ.
ಒಂದು ಕೈಯಲ್ಲಿ ಚಿನ್ನದ ಬಿಲ್ಲೆ,
ಇನ್ನೊಂದು ಕಿವಿಯ ತನಕ ಎತ್ತಿದ್ದು.
"ಅಲ್ಲಿ ಅಂಗಡಿ ಅಂಗಡಿಯಲ್ಲೂ ಉಂಟು ವಾರಿಜಕ್ಕ,
ಒಳ್ಳೆಯದಾಗ್ತದಂತೆ."
ಮುಕ್ಕಾಲು ಕಿಲೋ ಸೀಗಡಿಯ ಬಾಕಿ ಇತ್ತು ಅವನದು.
ಇದು ಬಾಕಿಗೋ, ಪ್ರೀತಿಗೋ, ನಾನು ಕೇಳಲಿಲ್ಲ.
ಚೀಟಿಯನ್ನು ಹರಿಯಲೂ ಇಲ್ಲ.

ಅತ್ತೆ ಬಂದರು.
ಹೊಯ್ಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ತಲೆಯ ಮೇಲೆ ಹಂಚು ಹೊತ್ತವರು.
ಬೆಕ್ಕಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ಕುಟ್ಟಿದರು,
ಕಿವಿಗೊಟ್ಟರು, ಬಾಗಿಲು ತಟ್ಟಿ ಕಾಯುವವರ ಹಾಗೆ.
"ಮಣ್ಣೇ ಇದು. ನಮ್ಮದಕ್ಕಿಂತ ಹೆಚ್ಚು ಬೆಂದಿದೆ.
ಒಡಕಿಲ್ಲ."
ಆಮೇಲೆ ಕೈ ನೋಡಿದರು. ಮುಖ ಬಿಗಿಯಿತು.
"ಎಡಗೈಯಲ್ಲಿ ಕರೆಯುವುದಾ? ಬಾಗಿಲಿಗೆ ಬಂದವರನ್ನು?"

ಎಸೆಯುವ ಹಾಗಿಲ್ಲ, ಕೊಟ್ಟದ್ದು.
ಮರುದಿನ ಅದರ ಎದುರಿಗೆ
ಮಾವ ಗಡ್ಡ ಹೆರೆಯುತ್ತಿದ್ದ ಕನ್ನಡಿ ಬಂತು.
ಕನ್ನಡಿಯೊಳಗಿನ ಬೆಕ್ಕಿಗೆ ಎತ್ತಿದ್ದು ಬಲಗೈ.
ಅತ್ತೆಗೆ ಸಮಾಧಾನ.
ಬೆನ್ನು ಮಾತ್ರ ರಸ್ತೆಗೆ. ಹೋಗಿ ಬರುವವರಿಗೆ
ಕಾಣುತ್ತಿದ್ದದ್ದು ಬಿಳಿ ಬಾಲದ ಒಂದು ಗುಬ್ಬಿ.

ಆ ವರ್ಷ ಅಕ್ಟೋಬರಿನಲ್ಲಿ ಬೂತಾಯಿ ರಾಶಿ ರಾಶಿ.
ಹಸಿಮೀನು ಬುಟ್ಟಿಗಿಷ್ಟೆಂದು ಹೋಗುವಾಗ
ಒಣಮೀನು ಯಾರಿಗೆ ಬೇಕು?
ನೊಣಕ್ಕೆ, ನನಗೆ, ಬೆಕ್ಕಿಗೆ
ಮೂವರಿಗೂ ಪುರುಸೊತ್ತು.
ಬಟ್ಟೆಯಲ್ಲಿ ಅದರ ಮುಖದ ಉಪ್ಪು ಒರೆಸುತ್ತಾ ಕಂಡೆ:
ಅಂಗೈ ಕೆಳಗೆ ಮಾಡಿ ಬೆರಳು ಮಡಚಿದೆ,
ನಾವು ಕರೆಯುವ ಹಾಗೆಯೇ.
ಎಲ್ಲಿಯ ನಗೋಯ, ಎಲ್ಲಿಯ ಬಂದರು!
ಇಷ್ಟು ಕಡಲು ದಾಟಿದರೂ ಕೈ ತಿರುಗಲಿಲ್ಲ.

ಬನ್ನಿ ಎನ್ನಲಿಕ್ಕೆ ತುಳುವಿನಲ್ಲಿ ನಾವು "ಬಲೆ" ಅನ್ನುತ್ತೇವೆ.
ಮೀನು ಹಿಡಿಯುವುದಕ್ಕೂ ಬಲೆಯೇ.
ಇದು ಯಾವುದನ್ನು ಹೇಳುತ್ತಿದೆ ಎಂದು
ಬೆಕ್ಕಿನ ಮುಖದಲ್ಲಿ ಬರೆದಿಲ್ಲ.

ಫೆಬ್ರವರಿಯಲ್ಲಿ ಸಿಪ್ರಿಯನ್ ಮತ್ತೆ ಬಂದ. ಕನ್ನಡಿ ಕಂಡು ನಕ್ಕ.
"ಎಡಗೈ ಜನರನ್ನು ಕರೆಯಲಿಕ್ಕೆ, ಬಲಗೈ ದುಡ್ಡನ್ನು."
"ಹಾಗಾದರೆ ದುಡ್ಡಿನದ್ದು ಯಾಕೆ ತರಲಿಲ್ಲ, ಮಾರಾಯ?"
"ಮುಗಿದಿತ್ತು."
ಅತ್ತೆ ಸೀಗಡಿಯ ತಲೆ ಮುರಿಯುತ್ತಾ ಅಂದರು:
"ದುಡ್ಡು ನಡೆದು ಬರ್ತದಾ? ಜನರ ಕಿಸೆಯಲ್ಲೇ ಬರಬೇಕು."
ಬಾಕಿಯ ಮಾತು ಆವತ್ತೂ ಬರಲಿಲ್ಲ.

ಮೇ ಕೊನೆಯ ವಾರ.
ದೋಣಿಗಳೆಲ್ಲ ಕಟ್ಟಿ ನಿಲ್ಲುವ ಮೊದಲು
ಊರಿಗೆ ಊರೇ ಬರುತ್ತದೆ ಡಬ್ಬ ತುಂಬಿಸಲು,
ಪುತ್ತೂರಿನವರು, ಬಂಟ್ವಾಳದವರು, ಜೀಪು ಮಾಡಿಕೊಂಡು.
ನಂಗು ತೂಗುತ್ತಿದ್ದೆ. ಮುಳ್ಳು ಇನ್ನೂ ನಿಂತಿಲ್ಲ.
ಮೆಟ್ಟಿಲ ಬಳಿ ಒಬ್ಬಳು, ಸೊಂಟದಲ್ಲಿ ಮಗು,
ಪಕ್ಕದ ಅಂಗಡಿಯತ್ತ ಅರ್ಧ ತಿರುಗಿದ್ದಾಳೆ.
"ಬಲೆ ಅಕ್ಕ, ಬಲೆ!"
ಕರೆದ ಮೇಲೆ ತಿಳಿಯಿತು, ಎತ್ತಿದ್ದು ಎಡಗೈ.
ಬಲಗೈ ತಕ್ಕಡಿಯಲ್ಲಿತ್ತು.

ಅವಳು ಬಂದಳು.
ಎರಡು ಕಿಲೋ ನಂಗು, ಅರ್ಧ ಕಿಲೋ ಬಂಗುಡೆ,
ಚೌಕಾಸಿ ಬೇರೆ.

ಅತ್ತೆ ನನ್ನ ಕೈ ನೋಡಿದರು,
ಬೆಕ್ಕಿನ ಕೈಯಲ್ಲಿದ್ದ ಬಿಲ್ಲೆ ನೋಡಿದರು.
ಏನೂ ಅನ್ನಲಿಲ್ಲ.
ಸಂಜೆ ಬಾಗಿಲು ಹಾಕುವಾಗ ಕಂಡೆ:
ಕನ್ನಡಿ ಇಲ್ಲ.
ಬೆಕ್ಕು ರಸ್ತೆಗೆ ಮುಖ ಮಾಡಿ ಕೂತಿದೆ,
ಮೂಗಿನ ಮೇಲೆ ಒಂದು ನೊಣ.